ಸಕ್ಕರೆ ಮಕ್ಕಳ ಸಭೆ

ಹೆತ್ತವರ ಕಣ್ಣು ವಿಚಿತ್ರವಾದದ್ದು. ಮಗು ಏನು ಮಾಡಿದರೂ ಅದರಲ್ಲೊಂದು ಶುಭಲಕ್ಷಣ ಹುಡುಕಿಬಿಡುತ್ತದೆ. ನಮ್ಮ ಗೌರಿ ಐದನೆಯ ತರಗತಿಯಲ್ಲಿದ್ದಾಗ ಚೆಂಬುಗಟ್ಟಲೆ ನೀರು ಕುಡಿಯತೊಡಗಿದಳು. ಹೇಳಿಸಿಕೊಳ್ಳದೆ ನೀರು ಕುಡಿಯುವ ಮಕ್ಕಳು ಗಂಗಾವತಿಯಲ್ಲಿ ಎಷ್ಟಿದ್ದಾರೆ ತೋರಿಸಿ ಎಂದು ನಾನು ನನ್ನ ಪಾತ್ರೆ ಅಂಗಡಿಗೆ ಬಂದ ಗಿರಾಕಿಗಳೆದುರು ಜಂಬ ಕೊಚ್ಚಿದೆ. ತೆಳ್ಳಗಾದಳು, ಎತ್ತರಕ್ಕೆ ಬೆಳೆಯುತ್ತಿದ್ದಾಳೆ ಅಂದುಕೊಂಡೆವು. ಎಷ್ಟು ಉಂಡರೂ ಹಸಿವು ಎಂದಳು. ನನ್ನ ಅವ್ವ ಸಂತೋಷದಿಂದ ಇನ್ನೊಂದು ರೊಟ್ಟಿ ಬಡಿದಳು. ಒಂದು ಮುಂಜಾನೆ ಹುಡುಗಿ ವಾಂತಿ ಮಾಡಿಕೊಂಡು, ಏದುಸಿರು ಬಿಡುತ್ತ, ಕರೆದರೆ ಓಗೊಡದೆ ಮಲಗಿದಾಗ ನಮ್ಮ ಶುಭಲಕ್ಷಣಗಳೆಲ್ಲ ಒಮ್ಮೆಲೇ ಮುಗಿದುಹೋದವು.

ಕೊಪ್ಪಳದ ಆಸ್ಪತ್ರೆಯಲ್ಲಿ ಆಕೆಗೆ ಎಚ್ಚರ ಬಂದ ಮೇಲೆ ಡಾಕ್ಟರಮ್ಮ ನಮ್ಮನ್ನು ಕೂರಿಸಿಕೊಂಡು ಇದು ಸಕ್ಕರೆ ಕಾಯಿಲೆ, ದಿನವೂ ಇನ್ಸುಲಿನ್ ಚುಚ್ಚಬೇಕು ಎಂದರು. ಸಕ್ಕರೆ ಕಾಯಿಲೆ ಎಂದರೆ ಹೊಟ್ಟೆ ಬಂದ ಹಿರಿಯರಿಗೆ ಬರುವುದೆಂದು ತಿಳಿದವನು ನಾನು. ಮೇಲಾಗಿ ನಲವತ್ತು ವರ್ಷ ಚೌಕಾಸಿಯ ನಡುವೆಯೇ ಬದುಕಿದವನು. ಅವರೊಂದಿಗೂ ಚೌಕಾಸಿಗಿಳಿದೆ. ಗುಳಿಗೆ ಕೊಟ್ಟರೆ ನಡೆಯುವುದಿಲ್ಲವೇ? ದಿನ ಬಿಟ್ಟು ದಿನ ಚುಚ್ಚಿದರೆ? ದೊಡ್ಡವಳಾಗುವ ತನಕ ಮಾತ್ರವೇ? ಅವರು ಎಲ್ಲವನ್ನೂ ತಾಳ್ಮೆಯಿಂದ ಕೇಳಿಸಿಕೊಂಡು ಕೊನೆಗೆ, "ನೋಡ್ರಿ, ಆಕೀ ಮೈಯಾಗ ಇನ್ಸುಲಿನ್ ತಯಾರಾಗೋದು ನಿಂತೈತಿ. ಹೊರಗಿಂದ ಕೊಡಾಕಬೇಕು, ದಿನಾ ಕೊಡಾಕಬೇಕು. ಕೊಟ್ರ ಎಲ್ಲಾರಂಗ ಓದತಾಳ, ಆಡತಾಳ" ಎಂದರು. ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು, ತಾನು ಮಾದಲಿ ಮಾಡಿ ತಿನ್ನಿಸಿದ್ದರಿಂದಲೇ ಹೀಗಾಯಿತೆಂದು ಅತ್ತಳು. ಸಿಹಿ ತಿಂದದ್ದಕ್ಕೂ ಇದಕ್ಕೂ ಸಂಬಂಧವಿಲ್ಲ, ಯಾರ ತಪ್ಪೂ ಅಲ್ಲ ಎಂದು ಡಾಕ್ಟರಮ್ಮ ಹೇಳಿದರು. ಅವ್ವ ನಂಬಲಿಲ್ಲ. ಅಂದಿನಿಂದ ನಮ್ಮ ಮನೆಯಲ್ಲಿ ಮಾದಲಿ ಆಗಿಲ್ಲ.

ಆ ಆಸ್ಪತ್ರೆಯಲ್ಲಿ ತಿಂಗಳಿಗೊಮ್ಮೆ ಇಂಥ ಮಕ್ಕಳ ತಂದೆತಾಯಿಯರ ಸಭೆ ನಡೆಯುತ್ತದೆ. ಕುಷ್ಟಗಿ, ಯಲಬುರ್ಗಾದ ಕಡೆಯಿಂದಲೂ ಜನ ಮಕ್ಕಳನ್ನು ಕರೆದುಕೊಂಡು ಬರುತ್ತಾರೆ. ಮೊದಲ ಸಲ ಹೋದಾಗ ನರ್ಸಮ್ಮ ನಮಗೆಲ್ಲ ಒಂದೊಂದು ಮೋಸಂಬಿ, ನೀರು ತುಂಬಿದ ಸಿರಿಂಜು ಕೊಟ್ಟು ಚುಚ್ಚುವುದನ್ನು ಕಲಿಸಿದರು. ನಾನು ಕಣ್ಣು ಮುಚ್ಚಿ ಚುಚ್ಚಿದ್ದರಿಂದ ನನ್ನ ಮೋಸಂಬಿಯ ಅವಸ್ಥೆ ನೋಡಲಾಗುತ್ತಿರಲಿಲ್ಲ. ಮಗುವಿಗೆ ಸಕ್ಕರೆ ಒಮ್ಮೆಲೇ ಇಳಿದರೆ ಬೆವರುತ್ತದೆ, ಕೈ ನಡುಗುತ್ತದೆ, ಆಗ ತಡಮಾಡದೆ ಬಾಯಿಗೆ ಸಕ್ಕರೆ ಹಾಕಿ ಎಂದರು. ಯಲಬುರ್ಗಾದ ರೈತರೊಬ್ಬರು ಎದ್ದು ನಿಂತು, ಮಗನಿಗೆ ಸಕ್ಕರೆ ಕಾಯಿಲೆ ಎಂದವರೂ ನೀವೇ, ಕಿಸೆಯಲ್ಲಿ ಸಕ್ಕರೆ ಇಟ್ಟುಕೊಂಡು ತಿರುಗಿ ಎನ್ನುವವರೂ ನೀವೇ, ಯಾವುದನ್ನು ನಂಬಬೇಕು ಎಂದು ಕೇಳಿದರು. ಎಲ್ಲರೂ ನಕ್ಕೆವು. ಕಾಯಿಲೆ ಬಂದ ಮೇಲೆ ನಾನು ನಕ್ಕದ್ದು ಅದೇ ಮೊದಲು.

ಪಕ್ಕದಲ್ಲಿ ನಗುತ್ತ ಕೂತಿದ್ದವಳು ಗಿಣಿಗೇರಾದ ಹನುಮವ್ವ. ಗಂಡ ಕಬ್ಬಿಣದ ಫ್ಯಾಕ್ಟರಿಯಲ್ಲಿ ಕೂಲಿ. ಆಕೆಯ ಮಗಳು ರೇಣುಕಾ ಗೌರಿಯ ವಾರಗೆಯವಳು. ಮನೆಯಲ್ಲಿ ಫ್ರಿಜ್ ಇಲ್ಲದ್ದರಿಂದ ಆಕೆ ಗಡಿಗೆಯೊಳಗೆ ಗಡಿಗೆ ಇಟ್ಟು, ನಡುವೆ ಹಸಿ ಮರಳು ತುಂಬಿ ಇನ್ಸುಲಿನ್ ತಣ್ಣಗೆ ಇಡುತ್ತಿದ್ದಳು. ಹುಡುಗಿಯರಿಬ್ಬರೂ ಬೇಗ ಗೆಳತಿಯರಾದರು. ಬೆರಳು ಚುಚ್ಚಿ ಸಕ್ಕರೆ ನೋಡಿದೊಡನೆ, ಪರೀಕ್ಷೆಯ ಅಂಕ ಹೋಲಿಸುವಂತೆ ನಿನ್ನದೆಷ್ಟು ನನ್ನದೆಷ್ಟು ಎಂದು ಕೇಳಿಕೊಳ್ಳುತ್ತಿದ್ದರು. ಸೋತವಳು ಮುಖ ಊದಿಸಿಕೊಳ್ಳುತ್ತಿದ್ದಳು.

ಈ ನಡುವೆ ಅವ್ವನ ಕಿವಿಗೆ ಬೇರೆಯ ಸುದ್ದಿ ಬಿದ್ದಿತ್ತು. ಎಲ್ಲಿಯೋ ಒಬ್ಬ ಬೇರಿನ ಔಷಧ ಕೊಡುತ್ತಾನಂತೆ, ಅದನ್ನು ಕುಡಿದರೆ ಸೂಜಿ ಬಿಡಬಹುದಂತೆ. "ಹೆಣ್ಣಕೂಸು ಐತಿ. ನಾಳೆ ಮದುವಿ ಮಾಡೋದೈತಿ. ದಿನಾ ಚುಚಗೊಳ್ಳೋ ಹುಡುಗೀನ್ನ ಯಾರ ಮಾಡಿಕೊಂತಾರ?" ಎಂದು ಊಟಕ್ಕೆ ಕೂತಾಗಲೆಲ್ಲ ಕೇಳುತ್ತಿದ್ದಳು. ಅಂಗಡಿಯಲ್ಲಿ ಹೇಳಿ ಹೇಳಿ ರೂಢಿಯಾದ ಮಾತನ್ನೇ ನಾನು ಮನೆಯಲ್ಲೂ ಹೇಳುತ್ತಿದ್ದೆ: ನಾಳೆ ನೋಡೋಣ. ಹೆತ್ತವಳಿಗೆ ಇಲ್ಲವೆನ್ನುವ ಎದೆ ನನಗಿಲ್ಲ. ಡಾಕ್ಟರಮ್ಮನೇ ಇಲ್ಲವೆನ್ನಲಿ ಎಂದು ಮುಂದಿನ ಸಭೆಗೆ ಅವ್ವನನ್ನೂ ಕರೆದುಕೊಂಡು ಹೋದೆ.

ಅಂದು ಹನುಮವ್ವ ಒಬ್ಬಳೇ ಬಂದಳು. ಗೌರಿ ಓಡಿಹೋಗಿ ರೇಣುಕಾ ಎಲ್ಲಿ ಎಂದು ಕೇಳಿದಳು. ಹನುಮವ್ವ ಗೌರಿಯ ತಲೆ ಸವರಿದಳು. ಸಭೆ ಸುರುವಾಗುವ ಮೊದಲು, ಮಕ್ಕಳನ್ನು ಹೊರಗೆ ಆಡಲು ಕಳಿಸಿರೆಂದು ನರ್ಸಮ್ಮನಿಗೆ ಹೇಳಿ ಎದ್ದು ನಿಂತಳು. ಆಕೆಯ ಅತ್ತೆಮನೆಯ ಹಿರಿಯರು ರೇಣುಕಾಳನ್ನು ಬೇರಿನ ಔಷಧಕ್ಕೆ ಕರೆದುಕೊಂಡು ಹೋಗಿದ್ದರು. ಸೂಜಿ ನಿಲ್ಲಿಸಿದರು. ಹುಡುಗಿ ಮತ್ತೆ ನೀರು ನೀರು ಎಂದಳು, ವಾಂತಿ ಮಾಡಿಕೊಂಡಳು. ಆಸ್ಪತ್ರೆಗೆ ಹೊತ್ತು ತರುವಾಗ ದಾರಿಯಲ್ಲೇ ಹೋದಳು. ಇಷ್ಟನ್ನು ಆಕೆ ಬೇರೆ ಯಾರದೋ ಸಂಗತಿಯೆಂಬಂತೆ ಹೇಳಿದಳು. ಆಮೇಲೆ, "ಯಾರನ್ನೂ ಬೈಯಾಕ ಬಂದಿಲ್ರಿ ನಾ. ಆಕೀ ಛಲೋ ಆಗಲಿ ಅಂತನ ಎಲ್ಲಾರೂ ಮಾಡಿದ್ರು. ನನಗೂ ದಿನಾ ಚುಚ್ಚಿ ಚುಚ್ಚಿ ಕರುಳು ಹಿಂಡಿದಂಗ ಆಗಿತ್ತು. ಅದಕ್ಕ ಹೂಂ ಅಂದೆ. ನೀವು ಅನಬ್ಯಾಡ್ರಿ" ಎಂದಳು.

ಬಳಸದೆ ಉಳಿದಿದ್ದ ಇನ್ಸುಲಿನ್ ಬಾಟಲಿಗಳನ್ನು ನರ್ಸಮ್ಮನ ಕೈಗಿಟ್ಟು ಆಕೆ ಕೂತಳು. ಅವ್ವ ನನ್ನ ಪಕ್ಕದಿಂದೆದ್ದು ಹೋಗಿ ಆಕೆಯ ಹತ್ತಿರ ಕೂತು ಕೈ ಹಿಡಿದುಕೊಂಡಳು. ಸಭೆ ಮುಗಿಯುವ ತನಕ ಬಿಡಲಿಲ್ಲ.

ಹಿಂದಿರುಗುವಾಗ ಬಸ್ಸಿನಲ್ಲಿ ಗೌರಿ ಮತ್ತೆ ರೇಣುಕಾಳನ್ನು ಕೇಳಿದಳು. ನಾನು ಕಿಟಕಿಯಾಚೆ ನೋಡತೊಡಗಿದೆ. ಅವ್ವ ಮೊಮ್ಮಗಳನ್ನು ತೊಡೆಯ ಮೇಲೆ ಎಳೆದುಕೊಂಡು, ಇದ್ದದ್ದನ್ನು ಇದ್ದಂತೆ ಹೇಳಿದಳು. ಗೌರಿ, "ಅವತ್ತ ಆಕೀ ಸಕ್ಕರಿ ಎಷ್ಟಿತ್ತಜ್ಜಿ?" ಎಂದಳು.

"ಯಾರೂ ನೋಡಿರಲಿಲ್ಲವ್ವ" ಎಂದಳು ಅವ್ವ. ಆಮೇಲೆ ನನ್ನ ಕಡೆ ತಿರುಗಿ, "ಮನಿಗಿ ಹೋದಮ್ಯಾಲ ಆ ಸೂಜಿ ಹೆಂಗ ಹಿಡೀಬೇಕು, ನನಗೂ ತೋರಿಸು" ಎಂದಳು. ಬೇರಿನ ಮಾತು ನಮ್ಮ ಮನೆಯಲ್ಲಿ ಮತ್ತೆ ಬರಲಿಲ್ಲ.

ಹನುಮವ್ವ ಈಗಲೂ ಪ್ರತಿ ಸಭೆಗೆ ಬರುತ್ತಾಳೆ. ಹೊಸದಾಗಿ ಬಂದ ತಾಯಂದಿರ ಪಕ್ಕದಲ್ಲಿ ಕೂತು ಸಣ್ಣ ದನಿಯಲ್ಲಿ ಮಾತಾಡುತ್ತಾಳೆ. ನನ್ನ ದನಿ ದೊಡ್ಡದೆಂದು ಡಾಕ್ಟರಮ್ಮ ಹೊಸ ತಂದೆಯಂದಿರಿಗೆ ಧೈರ್ಯ ಹೇಳುವ ಕೆಲಸವನ್ನು ನನಗೆ ಒಪ್ಪಿಸಿದರು. ಹೋದ ಸಭೆಗೆ ಕುಷ್ಟಗಿಯ ಹರೆಯದ ತಂದೆಯೊಬ್ಬ ಪುಟ್ಟ ಮಗಳನ್ನು ಹೆಗಲಿಗೆ ಹಾಕಿಕೊಂಡು ಬಂದಿದ್ದ. ನಾನು ಗಂಟಲು ಸರಿಮಾಡಿಕೊಂಡೆ. ಹೇಳಬೇಕಾದದ್ದನ್ನೆಲ್ಲ ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದೆ. ಅವನು, "ಇದು ಯಾವಾಗ ಮುಗೀತೈತ್ರಿ ಅಣ್ಣಾರ?" ಎಂದ. ಕೂಸು ಹೆಬ್ಬೆರಳು ಚೀಪುತ್ತ ನನ್ನನ್ನೇ ನೋಡುತ್ತಿತ್ತು. ನಾನು ಬಾಯಿ ತೆರೆದೆ. ಮಾತಿನ ಬದಲು ಅಳು ಬಂತು, ಅದೂ ನನ್ನ ದನಿಗೆ ತಕ್ಕಂತೆ. ಪಾಪ, ಅವನು ಗಾಬರಿಯಾಗಿ ಮಗುವಿನ ನೀರಿನ ಬಾಟಲಿಯನ್ನೇ ನನಗೆ ಕೊಟ್ಟು, ಬೆನ್ನು ಸವರುತ್ತ, ಹೆದರಬೇಡಿ, ಸರಿಯಾಗಿ ನೋಡಿಕೊಂಡರೆ ಮಕ್ಕಳಿಗೆ ಏನೂ ಆಗುವುದಿಲ್ಲವಂತೆ ಎಂದು ನನಗೇ ಧೈರ್ಯ ಹೇಳಿದ. ದೂರದಿಂದ ನೋಡುತ್ತಿದ್ದ ಡಾಕ್ಟರಮ್ಮ ಹೊರಡುವಾಗ ನನ್ನನ್ನು ಕರೆದರು. ಇನ್ನು ಮುಂದೆ ಸಭೆಗೆ ಕುರ್ಚಿ ಹಾಕುವ ಕೆಲಸ ನನ್ನದು.