ಬಾಯಿ ತುಂಬ ಮೊಳೆ

ನಾನು ಸೋಫಾಗಳಿಗೆ ಬಟ್ಟೆ ಹೊದಿಸುವವನು. ಒಂದು ಕೈ ಬಟ್ಟೆ ಎಳೆದು ಹಿಡಿಯಬೇಕು, ಇನ್ನೊಂದು ಕೈಯಲ್ಲಿ ಸುತ್ತಿಗೆ. ಮೊಳೆಗಳಿಗೆ ಉಳಿಯುವ ಜಾಗ ಬಾಯಿಯೊಂದೇ. ಹಾಗಾಗಿ ಹಗಲೆಲ್ಲ ನನಗೆ ಮಾತಿಲ್ಲ. (ಮನೆಯಲ್ಲೂ ಇಲ್ಲ. ಅಲ್ಲಿ ಮೊಳೆಯ ಅಗತ್ಯವೇ ಬೀಳುವುದಿಲ್ಲ.) ಈ ಏರ್ಪಾಡಿನಲ್ಲಿ ಇಬ್ಬರೂ ಸುಖವಾಗಿದ್ದೆವು.

ಕೆಟ್ಟದ್ದು ನನ್ನವಳು ಸಂಜೆಯ ಇಂಗ್ಲಿಷ್ ಕ್ಲಾಸಿಗೆ ಸೇರಿದ ಮೇಲೆ. ಪಾಸಾದರೆ ಬೀದಿ ತುದಿಯ ಹೋಟೆಲಿನಲ್ಲಿ, ಬಂದವರಿಗೆ ನಗುನಗುತ್ತ ರೂಮಿನ ಕೀಲಿ ಕೊಡುವ ಕೆಲಸ ಸಿಗುತ್ತದೆ. ಆ ಕೆಲಸವೆಂದರೆ ಅವಳಿಗೆ ಪ್ರಾಣ.

"ರೀ, ಈ ಇಂಗ್ಲಿಷಿನವರ ಕಾಟ ನೋಡಿ. ಬಾಯಿ ಬಿಡೋಕೆ ನಾಲ್ಕು ಮಾತು! ಸೇ ಅಂದ್ರೆ ಏನೋ ಒಂದು ಬಾಯಿಂದ ಬಿದ್ರೆ ಸಾಕು. ಟೆಲ್ ಅಂದ್ರೆ ಇಂಥವರಿಗೆ ಅಂತ ಹೇಳ್ಬೇಕು. ಟಾಕ್ ಅಂದ್ರೆ ಇಬ್ರೂ ಕೂತು ಮಾತಾಡೋದು. ಸ್ಪೀಕ್ ಸ್ವಲ್ಪ ಗತ್ತಿಂದು. ಭಾಷೆ ಬರುತ್ತೆ ಅನ್ನೋಕೂ ಅದೇ."

"ಹೂಂ."

"ಏನು ಹೂಂ? ನಾನೇನಂದೆ ಹೇಳಿ ನೋಡೋಣ."

"ಹೂಂ."

"ಇದೇ ನೋಡಿ. ಹಿಯರ್ ಅಂದ್ರೆ ಕಿವಿಗೆ ಬೀಳೋದು. ಲಿಸನ್ ಅಂದ್ರೆ ಕಿವಿ ಕೊಡೋದು. ಮದುವೆ ಆದಾಗಿಂದ ನಿಮ್ದು ಬರೀ ಹಿಯರ್!"

ಬಾಂಬು ಬಿದ್ದದ್ದು ಪರೀಕ್ಷೆಯ ಹಿಂದಿನ ದಿನ. ಪ್ರತಿಯೊಬ್ಬರೂ ಮನೆಯವರೊಬ್ಬರನ್ನು ಕರೆತಂದು, ಎಲ್ಲರೆದುರು ಅವರೊಂದಿಗೆ ಇಂಗ್ಲಿಷಿನಲ್ಲಿ ಮಾತಾಡಿ ತೋರಿಸಬೇಕಂತೆ.

"ನಿಮಗೆ ಇಂಗ್ಲಿಷ್ ಬರದಿದ್ರೂ ಪರವಾಗಿಲ್ಲ ಕಣ್ರೀ. ಏನಾದ್ರೂ ಅನ್ನಿ, ಸಾಕು."

ಏನಾದರೂ ಅನ್ನುವುದೇ ನನ್ನಿಂದಾಗದ ಕೆಲಸ. ರಾತ್ರಿಯೆಲ್ಲ ಹೊರಳಾಡಿದೆ. ಬೆಳಗ್ಗೆ ಮಹಾ ಉಪಾಯವೊಂದು ಹೊಳೆಯಿತು. ಅಂಗಡಿಯಿಂದ ನೇರವಾಗಿ, ಬಾಯಿ ತುಂಬ ಮೊಳೆ ಸಮೇತ ಹೋಗುವುದು. ಪಾಪ, ಕೆಲಸದ ಮಧ್ಯೆ ಎದ್ದು ಬಂದಿದ್ದಾನೆ ಅಂದುಕೊಳ್ಳುತ್ತಾರೆ. ತಲೆಯಾಡಿಸಿದರೆ ಮುಗಿಯಿತು.

ಸಂಜೆ ಕ್ಲಾಸಿನ ಬಾಗಿಲಲ್ಲಿ ನನ್ನ ಕೆನ್ನೆ ನೋಡಿದ್ದೇ ಅವಳಿಗೆ ಗೊತ್ತಾಯಿತು. "ಉಗೀರಿ ಅದನ್ನ!" ಎಂದು ಹಲ್ಲು ಕಡಿದಳು. ಅಷ್ಟರಲ್ಲಿ ಮೇಡಂ ಕರೆದೇಬಿಟ್ಟರು.

ಅವಳು ಒಂದು ಸಲ ನನ್ನನ್ನು ಸುಡುವ ಹಾಗೆ ನೋಡಿ, ಉಸಿರೆಳೆದು, ಶುರುಮಾಡಿದಳು. ಒಂದಕ್ಷರ ತಿಳಿಯಲಿಲ್ಲ. ಮಾತು ನಿಂತಲ್ಲೆಲ್ಲ ತಲೆಯಾಡಿಸಿದೆ. ಕ್ಲಾಸು ನಕ್ಕಿತು. ಇನ್ನೂ ಜೋರಾಗಿ ಆಡಿಸಿದೆ. ಹಿಂದಿನ ಬೆಂಚಿನ ಹೆಂಗಸರು ಚಪ್ಪಾಳೆ ತಟ್ಟಿದರು. ನನಗೂ ಹುರುಪು ಬಂತು.

"ಇವರು ಮಾತೇ ಆಡಲ್ವಲ್ಲ?" ಎಂದರು ಮೇಡಂ.

ಅವಳು ತಡವರಿಸಲಿಲ್ಲ. "ಹಿ ಡಸಂಟ್ ಸ್ಪೀಕ್ ಇಂಗ್ಲಿಷ್. ಹಿ ಡಸಂಟ್ ಟಾಕ್ ಟು ಮಿ. ಹಿ ಸೇಸ್ ನಥಿಂಗ್. ಐ ಟೆಲ್ ಹಿಮ್ ಎವ್ರಿಥಿಂಗ್."

ಮೇಡಂ ಮೇಜು ಕುಟ್ಟಿದರು. "ನಾಲ್ಕೂ ಅದರದರ ಜಾಗದಲ್ಲೇ ಕೂತಿವೆ! ನೀವು ಪಾಸ್!"

ನನ್ನ ಎದೆ ಉಬ್ಬಿತು. ನಾನು ಬಾಯಿ ಬಿಟ್ಟಿದ್ದರೆ ಇಷ್ಟು ಒಳ್ಳೆ ಉತ್ತರ ಅವಳಿಗೆ ಸಿಗುತ್ತಿತ್ತೇ? ಅಷ್ಟರಲ್ಲಿ ಮೇಡಂ ನನ್ನತ್ತ ತಿರುಗಿದರು.

"ಎಂಥ ಒಳ್ಳೆಯವರು ರೀ ನೀವು! ಕೆಲಸ ಸಿಕ್ಕರೆ ಸಂಜೆ ಅಡುಗೆ ನೀವು ಮಾಡ್ತೀರಾ ಅಂದ್ರು ಇವರು, ಹೂಂ ಅಂತ ತಲೆಯಾಡಿಸಿದ್ರಿ. ಪಾತ್ರೆನೂ ತೊಳೀತೀರಾ ಅಂದ್ರು, ಅದಕ್ಕೂ ಹೂಂ. ನಿಮ್ಮತ್ತೆ ಬಂದು ನಿಮ್ಮಲ್ಲೇ ಇರಬಹುದಾ ಅಂದಾಗಂತೂ ಕತ್ತು ಕಳಚಿಬೀಳೋ ಹಾಗೆ ಆಡಿಸಿದ್ರಲ್ಲ!"

ಇಲ್ಲ ಎಂದು ಕೂಗಬೇಕು. ಬಾಯಲ್ಲಿ ಮೊಳೆ. ಅಂಗೈಗೆ ಉಗಿದುಕೊಳ್ಳತೊಡಗಿದೆ. ಅವಸರದಲ್ಲಿ ಉಗಿಯುವ ವಸ್ತುವಲ್ಲ ಅದು. ನಾಲಿಗೆ ಖಾಲಿಯಾಗುವ ಹೊತ್ತಿಗೆ ಚಪ್ಪಾಳೆಯೂ ಮುಗಿದಿತ್ತು.

"ಖುಷಿಗೆ ಮಾತೇ ಹೊರಡ್ತಿಲ್ಲ ಪಾಪ," ಎಂದರು ಮೇಡಂ.

ಈಗ ಅವಳು ಹೋಟೆಲಿನಲ್ಲಿ ಕೀಲಿ ಕೊಡುತ್ತಾಳೆ. ನಾನು ಮನೆಯಲ್ಲಿ ಈರುಳ್ಳಿ ಹೆಚ್ಚುತ್ತೇನೆ. ನಾನೇ ಹೊದಿಸಿದ ಸೋಫಾದ ಮೇಲೆ ಅತ್ತೆ ಕೂತು, "ಉಪ್ಪು ನೋಡಿದ್ರಾ ಅಳಿಯಂದಿರೇ?" ಎನ್ನುತ್ತಾರೆ. ಸುಳ್ಳೇಕೆ, ಮೂವರೂ ಎರಡೆರಡು ಸಲ ಬಡಿಸಿಕೊಂಡು ಉಣ್ಣುತ್ತೇವೆ.

ಆದರೆ ನಾನೂ ಪಾಠ ಕಲಿತಿದ್ದೇನೆ. ನಿನ್ನೆ ಅವಳು ಬಾಗಿಲಲ್ಲಿ ಚಪ್ಪಲಿ ಬಿಡುತ್ತ ಇಂಗ್ಲಿಷಿನಲ್ಲಿ ಏನೋ ಕೇಳಿದಳು. ತಲೆ ಅಲ್ಲಾಡಿಸಲಿಲ್ಲ. ಚಾಕು ಕೆಳಗಿಟ್ಟು, ಬಾಯಿ ಅಗಲಿಸಿ, ಗತ್ತಿನಿಂದ "ನೋ!" ಎಂದೆ.

"ಸರಿ ಬಿಡಿ," ಎಂದು ಅತ್ತೆಯ ಪಕ್ಕ ಕಾಲು ಚಾಚಿ ಕೂತಳು. "ನಾಳೆ ನನಗೆ ರಜ, ಅಡುಗೆ ನಾನು ಮಾಡ್ಲಾ ಅಂತ ಕೇಳ್ದೆ."