ಮೀಸೆ ಬರುವವರೆಗೆ ಅತ್ತೆಯವರ ನಿಯೋಜನೆ

ಇಂದ:
ಕಿರಿಯ ಅಳಿಯ,
ಗುಮಾಸ್ತ, ವರ್ಗಾವಣೆ ವಿಭಾಗ,
ಹಾಲಿ ವಾಸ: ಅಕ್ವೇರಿಯಂ ಪಕ್ಕದ ಕುರ್ಚಿ.

ಗೆ:
ಅತ್ತೆಯವರು,
ಎದುರಿನ ಸೋಫಾ.

ಮೂಲಕ:
ಪತ್ನಿ (ರವಾನಿಸಲು ನಿರಾಕರಿಸಿದ್ದಾರೆ, ವಿವರ ಅಂಶ 6ರಲ್ಲಿ).

ವಿಷಯ: ಮೀಸೆ ಮೀನಿನ ಮರಿಗಳ ಪಾಲನೆಯ ನಿಮಿತ್ತ ತಮ್ಮ ನಿಯೋಜನೆಯ ಅವಧಿಯನ್ನು ವಿಸ್ತರಿಸುವಂತೆ ಕೋರಿ.

ಉಲ್ಲೇಖ:
1. ತಮ್ಮ ಮೌಖಿಕ ಆದೇಶ: "ಕೈ ಕೂಡ್ತಲ್ಲ, ಇನ್ನೇನು ಕೆಲಸ ನಂಗಿಲ್ಲಿ? ಭಾನುವಾರ ಹೊರಡ್ತೀನಿ ಅಂತ ಅವರಿಗೆ ಹೇಳು."
2. ತಮ್ಮ ಇನ್ನೊಂದು ಮೌಖಿಕ ಆದೇಶ: "ನಿಲ್ಲಿಸ್ರೀ!"

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ತಮ್ಮೆದುರೇ ಕೂತು ಬಾಯಿಬಿಟ್ಟು ಹೇಳಲಾಗದ ಕಾರಣ, ಈ ಕೆಳಗಿನ ಅಂಶಗಳನ್ನು ತಮ್ಮ ಅವಗಾಹನೆಗೆ ತರಬಯಸುತ್ತೇನೆ.

1. ನನ್ನ ಪತ್ನಿ, ಅಂದರೆ ತಮ್ಮ ಕಿರಿಯ ಮಗಳು, ಮೆಟ್ಟಿಲಲ್ಲಿ ಜಾರಿ ಬಲಗೈ ಮುರಿದುಕೊಂಡ ಕಾರಣ ತಾವು ನಿಯೋಜನೆಯ ಮೇರೆಗೆ ಈ ಮನೆಗೆ ಬಂದಿರಿ. ಮದುವೆಯಾದಂದಿನಿಂದ ಅಲ್ಲಿಯವರೆಗೆ ತಾವೂ ನಾನೂ ನೇರವಾಗಿ ಮಾತನಾಡಿದ ದಾಖಲೆಯಿಲ್ಲ. ಜಗಳವಲ್ಲ, ಮುನಿಸಲ್ಲ, ಬರೀ ಮರ್ಯಾದೆ. ಒಂದೇ ಮೇಜಿನಲ್ಲಿ ಕೂತು ನಾನು "ಅತ್ತೆಗೆ ಉಪ್ಪು ಬೇಕಾ ಕೇಳು" ಎಂದರೆ, ತಾವು "ಸಾಕು ಅಂತ ಹೇಳು" ಎನ್ನುತ್ತಿದ್ದಿರಿ. ಇದರ ನಡುವೆ ಪತ್ನಿ ಊಟ ಮಾಡಬೇಕಿತ್ತು.

2. ಅಕ್ವೇರಿಯಂ ನೀರು ಬದಲಿಸುವಾಗ ಬಿಸಿನೀರು ಬೆರೆಸಿ ಹದ ಮಾಡುವುದು ಪತ್ನಿಯ ಕೆಲಸ. ಅವರ ಕೈಗೆ ಪ್ಲಾಸ್ಟರ್ ಬಿದ್ದ ಕಾರಣ ಅದು ನನ್ನ ಪಾಲಿಗೆ ಬಂತು. ಬಿಸಿನೀರು ಒಲೆಯ ಮೇಲಿತ್ತು. ಒಲೆಯ ಮುಂದೆ ತಾವಿದ್ದಿರಿ. ಕೇಳಲು ಪತ್ನಿ ಬೇಕು. ಪತ್ನಿ ಮಾತ್ರೆ ನುಂಗಿ ಮಲಗಿದ್ದರು. ಆದ್ದರಿಂದ ನಲ್ಲಿಯ ತಣ್ಣೀರನ್ನೇ ಸುರಿದೆ.

3. ಮೀನಿನಂಗಡಿಯವನು ಈ ಮೀಸೆ ಮೀನುಗಳನ್ನು ಮಾರುವಾಗ, "ತಳ ಗುಡಿಸ್ಕೊಂಡು ತಮ್ಮ ಪಾಡಿಗಿರ್ತವೆ ಸಾರ್, ಮರಿಗಿರಿ ಅಂತ ರಗಳೆ ಇಲ್ಲ" ಎಂದಿದ್ದ. ಈಗ ಕೇಳಿದರೆ, "ತಣ್ಣೀರು ಹಾಕಿದ್ರಾ? ಮಳೆ ಬಂತು ಅಂದ್ಕೊಂಡಿರ್ತವೆ, ಮಳೆ ಬಂದ್ರೆ ಮೊಟ್ಟೆ ಇಡ್ತವೆ" ಎಂದು ನಗುತ್ತಾನೆ. ಅಂದರೆ, ತಮ್ಮನ್ನು ಒಂದು ಚೆಂಬು ಬಿಸಿನೀರು ಕೇಳಲಾರದೆ ನಾನು ಹಾಲ್‌ನಲ್ಲಿ ಮಳೆಗಾಲ ಶುರುಮಾಡಿದೆ.

4. ಮರುದಿನ ಗಾಜಿನ ಮೇಲೆ ಬಿಳಿ ಚುಕ್ಕೆಗಳು ಕಂಡವು. ಕೊಳೆಯೆಂದು ತಿಳಿದು, ಅವಧಿ ಮೀರಿದ ನನ್ನ ಗುರುತಿನ ಕಾರ್ಡಿನಿಂದ ಕೆರೆಯಲು ಹೋದೆ. ಬಟಾಣಿ ಸುಲಿಯುತ್ತಿದ್ದ ತಾವು ಉಲ್ಲೇಖ 2ರ ಆದೇಶ ಹೊರಡಿಸಿದಿರಿ. "ನಿಲ್ಲಿಸ್ರೀ! ಅದು ಮೊಟ್ಟೆ! ನಾ ಬೆಳಿಗ್ಗೆಯಿಂದ ನೋಡ್ತಿದೀನಿ!" ತಾವು ನನಗೇ ಹೇಳಿದ ಮೊದಲ ಮಾತು ಅದು. ಇಬ್ಬರಿಗೂ ಗಾಬರಿಯಾಯಿತು, ಅಭ್ಯಾಸಬಲದಿಂದ ಇಬ್ಬರೂ ಪತ್ನಿಯ ಕೋಣೆಯ ಕಡೆ ನೋಡಿದೆವು. ಅಷ್ಟರಲ್ಲಿ ಹೆತ್ತ ಮೀನುಗಳೇ ಮೊಟ್ಟೆಗೆ ಬಾಯಿ ಹಾಕತೊಡಗಿದವು. ಬೇಲಿಯೇ ಎದ್ದು ಹೊಲ ಮೇಯುವಾಗ ಸೂಕ್ತ ಮಾರ್ಗಕ್ಕೆ ಕಾಯುವಂತಿರಲಿಲ್ಲ. ಆದಕಾರಣ, ತಾವು ಹಿಟ್ಟಿನ ಡಬ್ಬ ಖಾಲಿ ಮಾಡಿ ನೀರು ತುಂಬಿ ತಂದಿರಿ, ನಾನು ಅದೇ ಕಾರ್ಡಿನಿಂದ ಮೊಟ್ಟೆಗಳನ್ನು ಮೆಲ್ಲಗೆ ಬಿಡಿಸಿ ಅದರೊಳಗೆ ಇಳಿಸಿದೆ.

5. ಮೊಟ್ಟೆಯೊಡೆದು ಮರಿಗಳು ಬಂದ ಮೇಲೆ, ಪಾಲನೆಯಲ್ಲಿ ಎರಡೂ ಕಡೆಯಿಂದ ಲೋಪಗಳಾಗಿವೆ. ಬೇಯಿಸಿದ ಕೋಳಿಮೊಟ್ಟೆಯ ಹಳದಿಯನ್ನು ನಾನು ಚಮಚದಲ್ಲಿ ಹಾಕಿ ನೀರು ಕೆಡಿಸಿದಾಗ, "ಕೂಸಿಗೆ ಉಣ್ಣಿಸ್ತೀರೋ, ದಂಡಿಗೋ?" ಎಂದು ಗದರಿದಿರಿ. ತಾವು ಹಿಟ್ಟಿನ ಡಬ್ಬದ ರೂಢಿಯಲ್ಲಿ ಮುಚ್ಚಳ ಬಿಗಿದುಬಿಟ್ಟಾಗ, "ಅತ್ತೇ, ಉಸಿರು!" ಎಂದು ನಾನು ಕೂಗಿದೆ. ಹಲವು ಮರಿಗಳನ್ನು ಕಳೆದುಕೊಂಡೆವು. ಆಗ ತಾವು ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿಲ್ಲವೆಂದು ದಾಖಲಿಸಬಹುದು. ಆಮೇಲೆ ಸೂಜಿಯ ತುದಿಯಲ್ಲಿ ಹಳದಿ ಕೊಟ್ಟು, ಲೋಟದಲ್ಲಿ ಅಳೆದು ನೀರು ಬದಲಿಸಿ, ಉಳಿದವನ್ನು ಇಬ್ಬರೂ ಸೇರಿ ಉಳಿಸಿದೆವು.

6. ತಾವು ಷಡ್ಡಕರ ಮನೆಗೆ ಹೊರಟಿರುವುದು ತಿಳಿದು, ತಡೆಯುವಂತೆ ಪತ್ನಿಯನ್ನು ಕೋರಿದೆ. ಅವರ ಷರಾ: "ನನ್ ಕೈ ಸರಿಹೋಗಿರೋದು ನಿಮ್ಮಿಬ್ಬರ ಟಪಾಲು ಹೊರೋಕಲ್ಲ. ಬೇಕಿದ್ರೆ ನೀವೇ ಹೇಳ್ರಿ." ಷಡ್ಡಕರ ಮನೆಯಲ್ಲಿ ದೊಡ್ಡ ಟಿ.ವಿ. ಇದೆ, ಲಿಫ್ಟ್ ಇದೆ, ಒಪ್ಪುತ್ತೇನೆ. ಆದರೆ ಅಲ್ಲಿ ಮೀನಿಗಿರಲಿ, ಷಡ್ಡಕರಿಗೂ ಮೀಸೆಯಿಲ್ಲ.

7. ಈಗ ಸಂಜೆ ನಾನು ಚಪ್ಪಲಿ ಬಿಡುವ ಮೊದಲೇ, "ಬಂದ್ರಾ? ಬನ್ನಿ ಬನ್ನಿ, ಒಂದಕ್ಕೆ ಮೀಸೆ ಬಂದ ಹಾಗಿದೆ" ಎನ್ನುತ್ತೀರಿ. ಜನರನ್ನು ಇಲ್ಲಿಂದಲ್ಲಿಗೆ ಕಳಿಸುವ ಆದೇಶ ಬರೆದು ಬರೆದು ಕೈ ಪಳಗಿದೆ. ಒಬ್ಬರಿಗೆ "ಇಲ್ಲೇ ಇರಿ" ಎನ್ನಲು ಹೇಗೆ ಬರೆಯಬೇಕೋ ತಿಳಿಯುತ್ತಿಲ್ಲ. ತಾವು ಹೊರಟರೆ ನನಗೆ ಬೇಸರವಾಗುತ್ತದೆ. ಈ ವಾಕ್ಯಕ್ಕೆ ಆಧಾರವಾದ ನಿಯಮ ಸಿಕ್ಕಿಲ್ಲ.

ಆದ್ದರಿಂದ, ಕಟ್ಟಕಡೆಯ ಮರಿಗೂ ಮೀಸೆ ಬರುವವರೆಗೆ ತಮ್ಮ ನಿಯೋಜನೆಯನ್ನು ಮುಂದುವರಿಸಬೇಕಾಗಿ ಕೋರುತ್ತೇನೆ. ಅವುಗಳ ಮಕ್ಕಳ ವಿಷಯವಾಗಿ ಪ್ರತ್ಯೇಕ ಅರ್ಜಿ ಸಲ್ಲಿಸಲಾಗುವುದು. ನಲ್ಲಿಯಲ್ಲಿ ತಣ್ಣೀರಿಗೆ ಕೊರತೆಯಿಲ್ಲ.

ತಮ್ಮ ವಿಶ್ವಾಸಿ, ಒಲೆಯ ಮುಂದೆ ಬಾಯಿ ಕಟ್ಟಿದವನು,
ಕಿರಿಯ ಅಳಿಯ

ಲಗತ್ತುಗಳು:
1. ಸೂಜಿ, ತುದಿಯಲ್ಲಿ ಹಳದಿ ಸಹಿತ.
2. ಗುರುತಿನ ಕಾರ್ಡು (ಫೋಟೋ ಅಳಿಸಿಹೋಗಿದೆ, ಮೊಟ್ಟೆ ಬಿಡಿಸಲು ಅಡ್ಡಿಯಿಲ್ಲ).
3. ತಮ್ಮ ಸೂಟ್‌ಕೇಸಿನ ಬೀಗದ ಕೈ (ಹುಡುಕುತ್ತಿದ್ದೀರೆಂದು ಬಲ್ಲೆ, ತಮ್ಮ ಆದೇಶ ಬಂದ ನಂತರ ಲಗತ್ತಿಸಲಾಗುವುದು).

ವಿ.ಸೂ.: ಉತ್ತರವನ್ನು "ಅವರಿಗೆ ಹೇಳು" ಎಂದು ಕಳಿಸದೆ, ನನಗೇ ಹೇಳಬೇಕಾಗಿ ವಿನಂತಿ. ಡಬ್ಬದ ಪಕ್ಕದಲ್ಲೇ ಕೂತಿದ್ದೇನೆ.