ನ್ಯೂಜಿಲೆಂಡಿನಲ್ಲಿ ತೆರಕಣಾಂಬಿ ಅವ್ವ

ಊರು ಬಿಟ್ಟು ಬಂದವರ ಪೇಚಾಟ ನಾಲ್ಕು ದಿನದ್ದು, ಆಮೇಲೆ ಎಲ್ಲಾ ಸರಿಹೋಗುತ್ತದೆ ಅಂತ ಹೇಳುತ್ತಾರೆ. ನಮ್ಮ ಮನೆಗೆ ಮಾತ್ರ ಅದು ಹಾಲು ಬಂದ ಹಾಗೆ ದಿನಾ ಬೆಳಿಗ್ಗೆ ಬರುತ್ತದೆ.

ಹೆಂಡತಿ ಚಾಮರಾಜನಗರದಲ್ಲಿ ನರ್ಸ್ ಆಗಿದ್ದಳು, ನಾನು ಗುಂಡ್ಲುಪೇಟೆ ಕಡೆಯ ಒಂದು ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್. ಅವಳಿಗೆ ನ್ಯೂಜಿಲೆಂಡಿನ ಒಂದು ಸಣ್ಣ ಊರಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ನಾನೂ ಮಗಳೂ ಅವಳ ಲಗೇಜಿನ ಜೊತೆ ಬಂದೆವು. ಇಲ್ಲಿ ನನಗೆ ತರಕಾರಿ ಪ್ಯಾಕ್ ಮಾಡುವ ಕೆಲಸ. ಮಗಳಿನ್ನೂ ಚಿಕ್ಕವಳು, ಅವಳನ್ನು ನೋಡಿಕೊಳ್ಳಲಿ ಅಂತ ತೆರಕಣಾಂಬಿಯಿಂದ ಅವ್ವನನ್ನು ಕರೆಸಿಕೊಂಡೆವು. ಅವ್ವ ವಾಪಸ್ ಹೊರಟರೆ ನಮ್ಮಿಬ್ಬರಲ್ಲಿ ಒಬ್ಬರು ಕೆಲಸ ಬಿಡಬೇಕು. ಆ ಒಬ್ಬರು ಯಾರು ಅನ್ನುವುದು ಮನೆಯಲ್ಲಿ ಎಲ್ಲರಿಗೂ ಗೊತ್ತಿದೆ, ನನಗೂ ಗೊತ್ತಿದೆ.

ಬಂದ ವಾರಕ್ಕೇ ಅವ್ವ ಶುರುಮಾಡಿದಳು. "ಮಾತಾಡಕ್ಕೆ ಒಂದ್ ನರಪಿಳ್ಳೆ ಇಲ್ಲ ಕಣ್ಲಾ ಇಲ್ಲಿ. ನನ್ನ ಊರ್ಗೆ ಕಳಿಸ್ಬುಡು."

ಎರಡು ಏಟು

ಇದು ನನ್ನದೇ ಕಥೆ. ಒಂದು ದಿನ ಬಸ್ ಸ್ಟಾಪಿನಲ್ಲಿ ನಿಂತಿದ್ದೆ. ಮುಂದೆ ರಸ್ತೆ ಅಗೆದಿದ್ದರು. ಬಸ್ಸಿನವನು ರಿವರ್ಸ್ ತೆಗೆದು ಪಕ್ಕದ ರಸ್ತೆಗೆ ತಿರುಗಿಸಬೇಕಿತ್ತು. ಇಲ್ಲಿನ ಬಸ್ಸಿನಲ್ಲಿ ಕಂಡಕ್ಟರ್ ಇರುವುದಿಲ್ಲ, ಡ್ರೈವರ್ ಒಬ್ಬನೇ. ಅವನು ಕನ್ನಡಿ ನೋಡಿಕೊಂಡು ಇಂಚಿಂಚಾಗಿ ಹಿಂದೆ ಬರುತ್ತಿದ್ದ. ಅದನ್ನು ನೋಡಿಕೊಂಡು ಸುಮ್ಮನಿರಲು ನನ್ನಿಂದ ಆಗಲಿಲ್ಲ. ಬಸ್ಸಿನ ಹಿಂದೆ ಹೋಗಿ ನಿಂತು, "ಬರ್ಲಿ, ಬರ್ಲಿ, ಲೆಫ್ಟ್ ಕೊಡು, ಬರ್ಲಿ" ಅಂದೆ. ಬಸ್ಸು ತಿರುಗಿತು. ಅಭ್ಯಾಸಬಲ, ಬಸ್ಸಿನ ಮೈಗೆ ದಬದಬ ಎರಡು ಏಟು ಹೊಡೆದೆ. ನಮ್ಮ ಕಡೆ ಒಂದು ಏಟು ಅಂದರೆ ನಿಲ್ಲು, ಎರಡು ಅಂದರೆ ಹೊರಡು.

ಬಸ್ಸು ಹೊರಡಲಿಲ್ಲ. ಡ್ರೈವರ್ ಎಂಜಿನ್ ಆಫ್ ಮಾಡಿ ಇಳಿದು ಬಂದ. ಮುಖ ಬಿಳಚಿಕೊಂಡಿತ್ತು. ಮೊಣಕಾಲೂರಿ ಬಸ್ಸಿನ ಕೆಳಗೆ ಬಗ್ಗಿ ನೋಡಿದ. ಪ್ಯಾಸೆಂಜರುಗಳೂ ಒಬ್ಬೊಬ್ಬರಾಗಿ ಇಳಿದು ಬಗ್ಗಿ ನೋಡಿದರು. ಎಲ್ಲರೂ ನೋಡುತ್ತಿದ್ದಾರಲ್ಲ ಅಂತ ನಾನೂ ಬಗ್ಗಿದೆ. ಕೊನೆಗೆ ಡ್ರೈವರ್ ನನ್ನನ್ನೇ ಕೇಳಿದ, "ನಾನು ಯಾರಿಗೆ ಗುದ್ದಿದೆ?"

ಮನೆಗೆ ಬಂದು ಹೇಳಿದೆ. ಹೆಂಡತಿ ಯೂನಿಫಾರ್ಮ್ ಮಡಚುತ್ತಾ, "ಇಷ್ಟಾದ ಮೇಲೂ ಅದೇ ಬಸ್ ಹತ್ತಿ ಬಂದ್ರಾ?" ಅಂದಳು. ಹತ್ತದೆ ಏನು? ಹೋಗಿ ಬರುವ ಟಿಕೆಟ್ ಬೆಳಿಗ್ಗೆಯೇ ತಗೊಂಡಾಗಿತ್ತು.

ಎಡಗಾಲಿನ ಮೆಟ್ಟು

ಅವ್ವನಿಗೆ ಸಕ್ಕರೆ ಕಾಯಿಲೆ. ರಕ್ತಪರೀಕ್ಷೆಗೆ ಕರೆದುಕೊಂಡು ಹೋದೆ. ಲ್ಯಾಬಿನ ಬಾಗಿಲು ತೆರೆಯುವ ಮೊದಲೇ ಹೊರಗೆ ಕ್ಯೂ ಇತ್ತು. ಅವ್ವನನ್ನು ಕ್ಯೂನಲ್ಲಿ ನಿಲ್ಲಿಸಿ ನಾನು ಕಾರು ನಿಲ್ಲಿಸಲು ಹೋದೆ. ಅವಳಿಗೋ ಮಂಡಿನೋವು. ರೇಷನ್ ಅಂಗಡಿ ಮುಂದೆ ಮಾಡುವ ಹಾಗೆಯೇ ಎಡಗಾಲಿನ ಮೆಟ್ಟನ್ನು ಕ್ಯೂನಲ್ಲಿ ಬಿಟ್ಟು, ದೂರದ ಬೆಂಚಿನ ಮೇಲೆ ಹೋಗಿ ಕೂತಳು. ನಮ್ಮ ಕಡೆಯಾದರೆ ಹಿಂದಿನವರು ಅದನ್ನು ಕಾಲಲ್ಲಿ ಮುಂದೆ ತಳ್ಳಿಕೊಂಡು ಹೋಗುತ್ತಾರೆ, ಸರದಿ ಬಂದಾಗ ಕೂಗುತ್ತಾರೆ.

ನಾನು ವಾಪಸ್ ಬಂದಾಗ ಬಾಗಿಲು ತೆರೆದಿತ್ತು. ಮುಂದಿನವರೆಲ್ಲ ಒಳಗೆ ಹೋಗಿಯಾಗಿತ್ತು. ಬಾಗಿಲಿಗೂ ಮೆಟ್ಟಿಗೂ ನಡುವೆ ಜಾಗ ಖಾಲಿ. ಮೆಟ್ಟಿನ ಹಿಂದೆ ಒಬ್ಬ ದೊಡ್ಡ ಮನುಷ್ಯ ಕೈಕಟ್ಟಿಕೊಂಡು ನಿಂತಿದ್ದ. ಅವನ ಹಿಂದಿನ ಸಾಲು ರಸ್ತೆಯವರೆಗೂ ಹೋಗಿತ್ತು, ಒಬ್ಬರೂ ಕಮಕ್ ಕಿಮಕ್ ಅನ್ನುತ್ತಿರಲಿಲ್ಲ. ಒಳಗಿನಿಂದ ಹುಡುಗಿ ಬಂದು, "ಯಾಕೆ ಯಾರೂ ಬರ್ತಿಲ್ಲ? ಮುಂದಿನವರು ಯಾರು?" ಅಂತ ಕೇಳಿದಳು.

ಆ ಮನುಷ್ಯ ಮೆಟ್ಟನ್ನು ತೋರಿಸಿ ಹೇಳಿದ, "ಇವರು. ಇವರಾದ ಮೇಲೆ ನಾನು."

ಕಾರಿನಲ್ಲಿ ಅವ್ವ ಅಂದಳು, "ಜನ ಒಳ್ಳೇರು ಕಣ್ಲಾ. ಆದ್ರೆ ಒಂದ್ ಮೆಟ್ಟ ತಳ್ಳಕ್ಕೂ ಬರಲ್ವಲ್ಲ, ಇವ್ರ್ ಜೊತೆ ಎಂಗ್ ಬಾಳದು? ನನ್ನ ಕಳಿಸ್ಬುಡು."

ಕೇಕಿನ ಡಬ್ಬ

ಪಕ್ಕದ ಮನೆಯಲ್ಲಿ ರಿಟೈರಾದ ಟೀಚರಮ್ಮ ಇದ್ದಾರೆ. ಒಂದು ದಿನ ಅವರೇ ಬಂದು, ಒಂದು ತಗಡಿನ ಡಬ್ಬದಲ್ಲಿ ಕೇಕ್ ಕೊಟ್ಟು ಹೋದರು. ಇನ್ನೊಬ್ಬರ ಪಾತ್ರೆಯನ್ನು ಖಾಲಿ ವಾಪಸ್ ಕೊಟ್ಟ ಚರಿತ್ರೆ ನಮ್ಮ ಮನೆತನದಲ್ಲೇ ಇಲ್ಲ. ಅವ್ವ ಕೋಡುಬಳೆ ಸುಟ್ಟು, ಡಬ್ಬ ತುಂಬಿಸಿ ಕೊಟ್ಟಳು. ಇಷ್ಟೊಂದು ಕೊಟ್ಟರಲ್ಲ ಅಂತ ಟೀಚರಮ್ಮ ಅದೇ ಡಬ್ಬದಲ್ಲಿ ಮತ್ತೆ ಕೇಕ್ ತಂದರು. ಅವ್ವ ಮತ್ತೆ ಬಾಣಲೆ ಇಟ್ಟಳು.

ತಿಂಗಳು ಕಳೆಯಿತು. ಕಸದ ಡಬ್ಬಿ ಹೊರಗಿಡುವಾಗ ಟೀಚರಮ್ಮ ನನ್ನನ್ನು ಬೇಲಿಯ ಹತ್ತಿರ ಕರೆದರು. "ನಿಮ್ಮ ತಾಯಿ ಕೊಡುವುದು ತುಂಬಾ ಖಾರ. ತಿಂದರೆ ನನಗೆ ಕಣ್ಣಲ್ಲಿ ನೀರು. ಅವರ ಮನಸ್ಸಿಗೆ ನೋವಾಗದ ಹಾಗೆ ಇದನ್ನು ನಿಲ್ಲಿಸುವುದು ಹೇಗೆ?"

ಒಳಗೆ ಬಂದರೆ ಅವ್ವ ಅಡುಗೆಮನೆಯಲ್ಲಿ ಕಾಯುತ್ತಿದ್ದಳು. "ಆ ಕೇಕು ಮೊಟ್ಟೆ ವಾಸ್ನೆ ಕಣ್ಲಾ, ನಂಗ್ ಸೇರಕ್ಕಿಲ್ಲ. ಆ ಪುಣ್ಯಾತ್ಗಿತ್ತಿಗೆ ಸಾಕು ಅನ್ನು. ನಾನ್ ಊರ್ಗ್ ಓಗವ ಅಂದ್ರೆ ಅವಳ ಡಬ್ಬ ನಮ್ಮನೇಲೇ ಅದೆ. ಇನ್ನೊಬ್ರ ಡಬ್ಬ ಮಡಿಕ್ಕಂಡು ಎಂಗ್ಲಾ ಓಗದು?"

ನಾನೂ ಹೆಂಡತಿಯೂ ಮುಖ ಮುಖ ನೋಡಿಕೊಂಡೆವು. ಆ ಡಬ್ಬ ಓಡಾಡುವಷ್ಟು ದಿನ ನಮ್ಮ ಸಂಸಾರ ಓಡುತ್ತದೆ. "ಬಾಯಿ ಮುಚ್ಕೊಂಡಿರಿ," ಅಂದಳು ಹೆಂಡತಿ. ನಾನು ಬಾಯಿ ಮುಚ್ಚಲಿಲ್ಲ, ಸುಳ್ಳು ಹೇಳಿದೆ. ನಮ್ಮ ಕಡೆ ಹೀಗೆ ನಿಲ್ಲಿಸಿದರೆ ಸಂಬಂಧ ಕಡಿದ ಹಾಗೆ ಅಂತ ಟೀಚರಮ್ಮನಿಗೆ ಹೇಳಿದೆ. ಈ ದೇಶದಲ್ಲಿ ಕೇಕ್ ಬೇಡ ಅಂದರೆ ಮನೆಗೆ ಬಂದವರನ್ನು ಬೈದ ಹಾಗೆ ಅಂತ ಅವ್ವನಿಗೆ ಹೇಳಿದೆ. ಇಬ್ಬರೂ ನಿಟ್ಟುಸಿರು ಬಿಟ್ಟು ಒಲೆ ಹಚ್ಚಿದರು. ಮನೆಗೆ ಬಂದ ಕೇಕೆಲ್ಲಾ ಇನ್ನು ನನ್ನ ಹೊಟ್ಟೆಗೇ ಅಂತ ಸಿದ್ಧನಾದೆ. ಆದರೆ ಡಬ್ಬ ಬರುವುದು ಹೋಗುವುದು ನಡೆದೇ ಇದ್ದರೂ ನನ್ನ ತಟ್ಟೆಗೆ ಒಂದು ಚೂರೂ ಬೀಳಲಿಲ್ಲ. ಎಲ್ಲಿಗೆ ಹೋಗುತ್ತಿದೆ ಅಂತ ತಿಳಿಯಲಿಲ್ಲ.

ಒಂದು ದಿನ ಕೆಲಸ ಬೇಗ ಮುಗಿಯಿತು. ಮನೆಗೆ ಬಂದರೆ, ಬಾಗಿಲ ಮೆಟ್ಟಿಲ ಮೇಲೆ ಅವ್ವ ಮತ್ತು ಟೀಚರಮ್ಮ ಪಕ್ಕಪಕ್ಕ ಕೂತಿದ್ದಾರೆ. ಎದುರಿಗೆ ಮಗಳು ಮಣ್ಣಾಡುತ್ತಿದ್ದಾಳೆ. ಟೀಚರಮ್ಮ ತಾವು ಮಾಡಿದ ಕೇಕನ್ನು ತಾವೇ ತಿನ್ನುತ್ತಿದ್ದಾರೆ. ಅವ್ವ ತಾನು ಸುಟ್ಟ ಕೋಡುಬಳೆಯನ್ನು ತಾನೇ ಕಟುಂ ಕಟುಂ ಅಂತ ಕಡಿಯುತ್ತಿದ್ದಾಳೆ. ಅವರು ಇಂಗ್ಲಿಷಿನಲ್ಲಿ ಏನೋ ಹೇಳುತ್ತಿದ್ದರು. ಇವಳು, "ಊ ಕಣವ್ವ, ಗಂಡುಸ್ರೆಲ್ಲ ಇಂಗೇಯ," ಅನ್ನುತ್ತಿದ್ದಳು.

ನನ್ನ ಗುಟ್ಟು ರಟ್ಟಾಗಿದೆ ಅಂತ ಗೊತ್ತಾಯಿತು. ಇನ್ನು ಮುಚ್ಚಿಡುವುದೇನು ಅಂತ ನಾನೇ ಕೇಳಿದೆ, "ಅವ್ವ, ಊರಿಗೆ ಟಿಕೆಟ್ ಮಾಡಿಸ್ಲಾ?"

ಅವ್ವ ಇನ್ನೊಂದು ಕೋಡುಬಳೆ ಮುರಿದಳು. "ಎಂಗ್ಲಾ ಓಗದು? ಅವಳ ಡಬ್ಬ ನಮ್ಮನೇಲೇ ಅದಲ್ಲ."

ಡಬ್ಬ ಆಗ ಟೀಚರಮ್ಮನ ತೊಡೆಯ ಮೇಲಿತ್ತು.